ಚೆಪ್ಪು ನಾಯ್ನಾ

1994ರ ಶಿವರಾತ್ರಿಗೆ ಆವಣಿಯಲ್ಲಿ ದನಗಳ ಜಾತ್ರೆ ಸೇರಿದ್ದಾಗ ನನ್ನ ತಮ್ಮ ಕಾಣೆಯಾದ. ನನಗೆ ಆಗ ಹತ್ತು ವರ್ಷ, ಅವನಿಗೆ ಐದು ತುಂಬಲು ಇನ್ನೂ ನಾಲ್ಕು ತಿಂಗಳಿತ್ತು. ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಸಾಲಿನ ಮುಂದೆ ಅವನ ಕೈ ಹಿಡಿದು ನಿಂತಿದ್ದವಳು ನಾನೇ. ಅಮ್ಮ ಬೆಂಡು ಬತ್ತಾಸು ತರಲು ಹತ್ತು ಹೆಜ್ಜೆ ಆಚೆ ಹೋಗಿದ್ದಳು. ಹಿಂದಿನಿಂದ ಗೊತ್ತಿದ್ದ ದನಿ ಕೇಳಿ ತಿರುಗಿದರೆ ನಾಯ್ನ. ನಮ್ಮ ಮನೆಮಾತು ತೆಲುಗು. ಅಪ್ಪನನ್ನು ನಾವು ನಾಯ್ನ ಅನ್ನುತ್ತಿದ್ದೆವು. ನನ್ನ ತಲೆ ಸವರಿದರು, ಜಡೆ ಉದ್ದವಾಗಿದೆ ಅಂದರು. ತಮ್ಮನಿಗೆ ದೊಡ್ಡ ಎತ್ತು ತೋರಿಸಿಕೊಂಡು ಬರುತ್ತೇನೆ ಅಂದರು. ನಾನು ಕೈ ಬಿಟ್ಟೆ.

ಸಂಜೆಯ ತನಕ ಹುಡುಕಿದೆವು. ಮಾವ ಸೈಕಲ್ಲಿನಲ್ಲಿ ಮುಳಬಾಗಿಲಿನ ಬಸ್ ನಿಲ್ದಾಣಕ್ಕೆ ಓಡಿದ. ಅಷ್ಟರಲ್ಲಿ ನಂಗಲಿ ದಾಟಿ ಆಂಧ್ರಕ್ಕೆ ಹೋಗುವ ಬಸ್ಸುಗಳು ಎಷ್ಟೋ ಹೋಗಿದ್ದವು. ನಾಯ್ನನ ಊರು ಪಲಮನೇರು ಕಡೆಯ ಒಂದು ಹಳ್ಳಿ. ಮುಳಬಾಗಿಲಿಂದ ಕೋಲಾರಕ್ಕೆ ಹೋಗುವುದೂ ಒಂದೇ, ಅಲ್ಲಿಗೆ ಹೋಗುವುದೂ ಹೆಚ್ಚು ಕಡಿಮೆ ಒಂದೇ. ಹೆಣ್ಣು ಕೊಡುವಾಗ ತರುವಾಗ ಈ ಸೀಮೆಯವರು ಗಡಿ ಎಂದೂ ನೋಡಿದವರಲ್ಲ. ಅಲ್ಲೊಂದು ಗಡಿ ಇದೆ ಅನ್ನುವುದು ಅಮ್ಮನಿಗೆ ಗೊತ್ತಾದದ್ದು ಆ ರಾತ್ರಿ, ಪೊಲೀಸ್ ಠಾಣೆಯಲ್ಲಿ. "ಅವನ ಮಗನ್ನ ಅವನು ಕರ್ಕೊಂಡ್ಹೋಗವ್ನೆ. ಅದು ಕಳ್ಳತನ ಹೆಂಗಮ್ಮ ಆಯ್ತದೆ? ಅದರ ಮೇಲೆ ಅವನು ಬೇರೆ ಸ್ಟೇಟು," ಅಂದರು ಅಲ್ಲಿದ್ದವರು. ಅವರು ಕೆಟ್ಟ ಮನುಷ್ಯರೇನಲ್ಲ. ನನಗೆ ಕುಡಿಯಲು ನೀರು ಕೊಟ್ಟು, ನಮ್ಮನ್ನು ಮನೆತನಕ ಬಿಟ್ಟು ಬರಲು ಒಬ್ಬರನ್ನು ಕಳಿಸಿದರು. ದೂರು ಮಾತ್ರ ಬರೆದುಕೊಳ್ಳಲಿಲ್ಲ.

ಆವಣಿ ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ. ಸೀತೆ ಗಂಡನ ಮನೆಯಿಂದ ಹೊರಬಿದ್ದು, ತುಂಬು ಬಸುರಿಯಾಗಿ ಬಂದು, ವಾಲ್ಮೀಕಿಯ ಆಶ್ರಮದಲ್ಲಿ ಲವಕುಶರನ್ನು ಹೆತ್ತದ್ದು ಇಲ್ಲೇ ಅಂತ ನಮ್ಮ ಜನರ ನಂಬಿಕೆ. ಆಕೆ ಇದ್ದಳು ಅನ್ನುವ ಬಂಡೆಯ ಸಂದಿನ ಗುಹೆಗೆ ಬಗ್ಗಿಕೊಂಡೇ ಹೋಗಬೇಕು. ಕೆಳಗೆ ನೊಳಂಬರ ಕಾಲದ ಗುಡಿಗಳಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿವೆ. ಗಂಡನೂ ಮೈದುನರೂ ಕೆಳಗೆ, ಹೆಂಡತಿ ಒಬ್ಬಳೇ ಮೇಲೆ. ನಮ್ಮ ಅವ್ವ, ಅಂದರೆ ಅಮ್ಮನ ತಾಯಿ, ಆ ಜಾತ್ರೆಯಾದ ಮೇಲೆ ಬೆಟ್ಟ ಹತ್ತುವುದನ್ನೇ ಬಿಟ್ಟಳು. "ಆಯಮ್ಮ ತನ್ನ ಮಕ್ಕಳನ್ನ ಉಳಿಸ್ಕೊಂಡ್ಲು, ನನ್ನ ಮಗಳ ಮಗೂನ ಕಣ್ಣೆದುರಿಗೆ ಬಿಟ್ಟುಕೊಟ್ಲು," ಅನ್ನುತ್ತಿದ್ದಳು. ದೇವರ ಮೇಲೆ ಮುನಿಸಿಕೊಂಡು ಹದಿನೆಂಟು ವರ್ಷ ಬದುಕಿದ ಹೆಂಗಸು ಅವಳು.

ಅಮ್ಮ ತೌರಿಗೆ ಬಂದದ್ದು ಜಾತ್ರೆಗೆ ಮೂರು ತಿಂಗಳು ಮುಂಚೆ. ಯಾಕೆ ಬಂದಳು ಅನ್ನುವುದನ್ನು ನಾನು ಒಂದು ಕೋಲಿನ ಮೂಲಕ ಹೇಳಬಲ್ಲೆ. ನಮ್ಮ ಮನೆಯಲ್ಲಿ ಮುದ್ದೆ ಕೂಡಿಸುವ ಕೋಲು ಒಂದೇ ಒಂದು ಇತ್ತು. ಬಿಸಿ ಹಿಟ್ಟು ಮೆತ್ತಿ ಮೆತ್ತಿ ತುದಿ ಕಪ್ಪಗೆ ನುಣ್ಣಗಾಗಿತ್ತು. ನಾಯ್ನ ಕುಡಿದು ಬಂದ ದಿನ ಅದು ಅಡುಗೆಮನೆಯಿಂದ ನಡುಮನೆಗೆ ಬರುತ್ತಿತ್ತು. ಮಾರನೆಯ ದಿನ ಅಮ್ಮ ಅದನ್ನು ತೊಳೆದು ಅದರಲ್ಲೇ ಮುದ್ದೆ ಕೂಡಿಸುತ್ತಿದ್ದಳು. ನಾವು ಅದೇ ಮುದ್ದೆ ಉಣ್ಣುತ್ತಿದ್ದೆವು. ತಮ್ಮನಿಗೆ ಮೂರೂವರೆ ವರ್ಷವಿದ್ದಾಗ ಒಂದು ಆಟ ಶುರುವಾಯಿತು. ಕತ್ತಲಾಗುತ್ತಿದ್ದಂತೆ ಅವನು ಆ ಕೋಲನ್ನು ಎತ್ತಿಕೊಂಡು ಹೋಗಿ ಬಚ್ಚಿಡುತ್ತಿದ್ದ. ರಾಗಿ ವಾಡೆಯ ಹಿಂದೆ, ಸೌದೆಯ ಅಡಿಯಲ್ಲಿ, ಒಮ್ಮೆ ಹಟ್ಟಿಯ ಹುಲ್ಲಿನಲ್ಲಿ. ಸಂಜೆ ಮುದ್ದೆಗೆ ಕೋಲು ಸಿಗದೆ ಅಮ್ಮ ಹುಡುಕಾಡುತ್ತಿದ್ದಳು. ಮಗು ಆಡುತ್ತಿದೆ ಅಂತ ಎಲ್ಲರೂ ನಗುತ್ತಿದ್ದರು, ನಾಯ್ನನೂ.

ನಾಯ್ನ ನಮಗೆ ಒಂದು ಏಟು ಹಾಕಿದವರಲ್ಲ. ಇದನ್ನು ನಾನು ಬರೆಯಲೇಬೇಕು. ಸಂತೆಯಿಂದ ನನಗೆ ರಿಬ್ಬನ್ನು, ತಮ್ಮನಿಗೆ ಪೀಪಿ ತರುತ್ತಿದ್ದರು. ನನಗೆ ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಮೂರು ಮೈಲಿ ನಡೆದಿದ್ದರು. ಊರ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ ನ್ಯಾಯ ಮಾಡಿದಾಗ ಇದೇ ಮಾತು ಮುಂದೆ ಬಂತು: ಹೆಂಡತಿಗೆ ಒಂದು ಮಾತಿಗೆ ಹೊಡೆದಿರಬಹುದು, ಮಕ್ಕಳನ್ನಂತೂ ಚೆನ್ನಾಗಿ ನೋಡಿಕೊಳ್ತಾನೆ. ನಂತರ ವಕೀಲರ ಬಾಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಈ ಮಾತನ್ನು ನಾನು ಎಷ್ಟು ಸಾರಿ ಕೇಳಿದ್ದೇನೋ. ಕೇಳಿದಾಗಲೆಲ್ಲ ಹುಲ್ಲಿನಲ್ಲಿ ಕೋಲು ಬಚ್ಚಿಡುತ್ತಿದ್ದ ಆ ಮೂರೂವರೆ ವರ್ಷದ ಹುಡುಗ ಕಣ್ಣಮುಂದೆ ಬರುತ್ತಾನೆ. ಅವನನ್ನು ಚೆನ್ನಾಗಿ ನೋಡಿಕೊಳ್ಳಲಾಗುತ್ತಿತ್ತೇ?

ನ್ಯಾಯಸ್ಥರ ತೀರ್ಮಾನ ಒಂದೇ ಸಾಲಿನದು. ಹೆಣ್ಣು ತಾಯಿಗೆ, ಗಂಡು ತಂದೆಗೆ. ಸಾಮಾನು ಹಂಚಿದ ಹಾಗೆ. ಅಮ್ಮ ಒಪ್ಪಲಿಲ್ಲ. ಓಲೆ ಅಡವಿಟ್ಟು ಕೋಲಾರಕ್ಕೆ ಹೋಗಿ ವಕೀಲರನ್ನು ಹಿಡಿದಳು.

ಅಲ್ಲಿಂದ ಮುಂದಿನದನ್ನು ಅಂದು ನಾನು ನೋಡಿದ್ದೆ, ಅರ್ಥವಾಗಿರಲಿಲ್ಲ. ದೊಡ್ಡವಳಾಗಿ ಆ ಕಾಗದದ ಕಟ್ಟನ್ನು ಬಿಚ್ಚಿ ಓದಿದ ಮೇಲೆ ಅರ್ಥವಾಯಿತು. 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ, ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ ಎನ್ನುತ್ತದೆ. ಅದರ ಬೆನ್ನಿಗೇ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದೂ ಹೇಳುತ್ತದೆ. ಅಮ್ಮ ಅರ್ಜಿ ಹಾಕಿದಾಗ ತಮ್ಮನಿಗೆ ನಾಲ್ಕು ವರ್ಷ ಒಂಬತ್ತು ತಿಂಗಳು. ಮೇ ತಿಂಗಳು ಕೋರ್ಟಿಗೆ ಬೇಸಿಗೆ ರಜೆ. ಜೂನಿನಲ್ಲಿ ಗಡಿಯಾಚೆ ಹೋದ ನೋಟಿಸು, ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಬರೆಸಿಕೊಂಡು ವಾಪಸು ಬಂತು. ಜುಲೈನಲ್ಲಿ ತಮ್ಮನಿಗೆ ಐದು ತುಂಬಿತು. ಆ ದಿನ ಅಮ್ಮ ಪಾಯಸ ಮಾಡಿದಳು. ಮಗನ ಹುಟ್ಟುಹಬ್ಬದ ದಿನವೇ ಕಾನೂನಿನಲ್ಲಿ ತನ್ನ ಕೈ ಸೋತಿತು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾಯ್ನನ ಕಡೆಯವರು ಹಾಜರಾಗಿ ಹೊಸ ತಕರಾರು ಎತ್ತಿದರು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಅಲ್ಲಿನ ಜಿಲ್ಲಾ ನ್ಯಾಯಾಲಯಕ್ಕೇ ಅಧಿಕಾರ. ಮಗು ಇರುವುದು ಚಿತ್ತೂರು ಜಿಲ್ಲೆಯಲ್ಲಿ, ಕೋಲಾರಕ್ಕೇನು ಸಂಬಂಧ? ಕದ್ದೊಯ್ದ ಜಾಗವೇ ವಾಸದ ಜಾಗವಾಗಿಬಿಟ್ಟಿತ್ತು. ಇದೊಂದು ಮಾತಿನ ಮೇಲೆ ಒಂದು ವರ್ಷ ವಾಯ್ದೆ ನಡೆಯಿತು. ಪ್ರತಿ ವಾಯ್ದೆಗೂ ಅಮ್ಮ ತಾನು ಕೆಲಸಕ್ಕಿದ್ದ ಹೋಟೆಲಿಗೆ ರಜೆ ಹಾಕಬೇಕಿತ್ತು. ಮುಳಬಾಗಿಲು ದೋಸೆ ಎಲ್ಲರಿಗೂ ಗೊತ್ತು. ಅದರ ಹಿಟ್ಟು ರುಬ್ಬುವ ಹೆಂಗಸರ ಕೈ ಯಾರೂ ನೋಡಿರಲಾರರು. ಅಮ್ಮನ ಬೆರಳ ಸಂದಿಯಲ್ಲಿ ಯಾವಾಗಲೂ ಹುಳಿ ಹಿಟ್ಟಿನ ವಾಸನೆ. ಕೋರ್ಟಿಗೆ ಹೋಗುವ ದಿನ ಅದು ಹೋಗಲಿ ಅಂತ ನಿಂಬೆಹಣ್ಣಿನ ಸಿಪ್ಪೆ ಹಾಕಿ ತಿಕ್ಕಿಕೊಳ್ಳುತ್ತಿದ್ದಳು.

ಏಟಿನ ವಿಷಯ? ಅದು ಆ ಕೋರ್ಟಿಗೆ ಬರಲೇ ಇಲ್ಲ. ಗಂಡನ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಎನ್ನುವ 498ಎ ಕಲಂ ದಂಡಸಂಹಿತೆಗೆ 1983ರಲ್ಲೇ ಸೇರಿತ್ತು. ಆದರೆ ಹೊಡೆದದ್ದು ಆಂಧ್ರದಲ್ಲಿ, ಹಾಗಾಗಿ ದೂರು ಕೊಡಬೇಕಾದ್ದೂ ಅಲ್ಲೇ ಅಂದರು. ಯಾವ ಊರಿಂದ ಜೀವ ಉಳಿಸಿಕೊಂಡು ಓಡಿ ಬಂದಳೋ ಅದೇ ಊರಿನ ಠಾಣೆಗೆ ಅಮ್ಮ ಹೋಗುವುದು ಹೇಗೆ? ಹೋಗಲಿಲ್ಲ. ಏಟಿನ ಕೇಸು ಇರಬೇಕಾದ್ದು ಒಂದು ರಾಜ್ಯದಲ್ಲಿ, ಮಗುವಿನ ಕೇಸು ಇನ್ನೊಂದು ರಾಜ್ಯದಲ್ಲಿ. ಮಗುವಿನ ಕೇಸು ನೋಡುತ್ತಿದ್ದ ನ್ಯಾಯಾಧೀಶರ ಮುಂದೆ, ಒಳ್ಳೆಯ ಜಮೀನಿರುವ, ಮಕ್ಕಳ ಮೇಲೆ ಕೈ ಮಾಡದ ಒಬ್ಬ ತಂದೆ ಇದ್ದ. ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಒಬ್ಬ ತಾಯಿ ಇದ್ದಳು. ಹೊಡೆದವರು ಶಿಕ್ಷೆಯಿಲ್ಲದೆ ಉಳಿದದ್ದು ಒಂದು ಕಡೆ ಇರಲಿ. ಅವರು ಹೊಡೆದದ್ದಕ್ಕೂ ಮಗು ಯಾರ ಬಳಿ ಬೆಳೆಯಬೇಕು ಅನ್ನುವುದಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ ಎಲ್ಲವೂ ನಡೆದುಹೋಯಿತಲ್ಲ, ಇವತ್ತಿಗೂ ನನ್ನ ಎದೆ ಸುಡುವುದು ಅದು.

1996ರಲ್ಲಿ ನಮ್ಮಿಬ್ಬರನ್ನೂ ನ್ಯಾಯಾಧೀಶರು ತಮ್ಮ ಕೋಣೆಗೆ ಕರೆಸಿದರು. ಬುದ್ಧಿ ತಿಳಿದ ಮಗುವಾದರೆ ಅದರ ಇಷ್ಟವನ್ನು ಕೇಳಬಹುದು ಅಂತ ಅದೇ 1890ರ ಕಾಯ್ದೆಯಲ್ಲಿದೆ. ಎರಡು ವರ್ಷದ ಮೇಲೆ ನಾನು ತಮ್ಮನನ್ನು ನೋಡಿದ್ದು ಅಂದು. ಕಾಲಿಗೆ ಹೊಸ ಬೂಟು ಹಾಕಿದ್ದ. ನನ್ನನ್ನು ನೋಡಿ ನಗಲಿಲ್ಲ. ಮೇಜಿನ ಮೇಲೆ ಗಾಜಿನ ಗುಂಡೊಂದು ಕಾಗದಗಳ ಮೇಲೆ ಕೂತಿತ್ತು, ಅದರೊಳಗೆ ಕೆಂಪು ಹೂವು. ತಮ್ಮನ ಕಣ್ಣು ಅದರ ಮೇಲೇ. ನ್ಯಾಯಾಧೀಶರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಇಬ್ಬರಿಗೂ ಬಿಸ್ಕತ್ತು ಕೊಡಿಸಿದರು. ನನ್ನನ್ನು ಕೇಳಿದರು, ಅಮ್ಮ ಅಂದೆ. ತಮ್ಮನನ್ನು ಕೇಳಿದರು, "ನೀನು ಯಾರ ಹತ್ತಿರ ಇರ್ತೀಯ ಮರಿ?"

ಅವನಿಗೆ ಕನ್ನಡ ಮರೆತುಹೋಗಿತ್ತು. ಸುಮ್ಮನೆ ನಿಂತ. ಪಕ್ಕದಲ್ಲಿದ್ದ ಗುಮಾಸ್ತರು ನಮ್ಮ ಕಡೆಯವರೇ ಇರಬೇಕು, ಬಗ್ಗಿ ಅವನ ಭುಜ ಹಿಡಿದು ತೆಲುಗಿನಲ್ಲಿ ಕೇಳಿದರು, "ಎವರಿ ದಗ್ಗರ ಉಂಟಾವು? ಚೆಪ್ಪು ನಾಯ್ನಾ." ಯಾರ ಹತ್ತಿರ ಇರ್ತೀಯ, ಹೇಳಪ್ಪಾ ಅಂತ. ನಮ್ಮ ಸೀಮೆಯಲ್ಲಿ ಅಪ್ಪನೂ ನಾಯ್ನ, ಮುದ್ದಿಸಿ ಕರೆಯುವ ಗಂಡುಮಗುವೂ ನಾಯ್ನ.

"ನಾಯ್ನ," ಅಂದ ತಮ್ಮ.

ಮಗುವಿನ ಇಚ್ಛೆ ದಾಖಲಾಯಿತು. ಊರಿನ ನ್ಯಾಯಸ್ಥರು ಹೇಳಿದ್ದನ್ನೇ ಕೋರ್ಟೂ ಹೇಳಿತು. ಹೆಣ್ಣು ಇತ್ತ, ಗಂಡು ಅತ್ತ. ತಿಂಗಳ ಮೊದಲ ಭಾನುವಾರ ಮಗುವನ್ನು ಮುಳಬಾಗಿಲಿಗೆ ಕರೆತಂದು ತಾಯಿಗೆ ತೋರಿಸಬೇಕು ಅಂತ ಒಂದು ಸಾಲು ಸೇರಿತ್ತು. ಆಂಜನೇಯನ ಗುಡಿಯ ಅಂಗಳದಲ್ಲಿ ಮೂರು ಭಾನುವಾರ ಅವನನ್ನು ನೋಡಿದೆವು. ನಾಲ್ಕನೆಯ ಭಾನುವಾರ ಅಮ್ಮ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಾಗಿಲು ಮುಚ್ಚುವ ತನಕ ಕೂತಳು. ಆದೇಶ ಮೀರಿದ್ದಕ್ಕೆ ಮತ್ತೆ ಅರ್ಜಿ ಹಾಕಬಹುದಿತ್ತು. ಅಡವಿಡಲು ಇನ್ನೇನೂ ಉಳಿದಿರಲಿಲ್ಲ.

ನಾನು ಅಮ್ಮನಿಗೆ ಒಂದು ಸಮಾಧಾನ ಕಟ್ಟಿಕೊಟ್ಟೆ. "ಅವನು ಅಪ್ಪ ಅಂತ ಹೇಳಿದ್ದಲ್ಲಮ್ಮ. ಗುಮಾಸ್ತರು ನಾಯ್ನಾ ಅಂದರಲ್ಲ, ಅದನ್ನೇ ಹಿಂದಕ್ಕೆ ಹೇಳಿದ. ಮಗು ಅಲ್ವಾ." ಅಮ್ಮ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೆಂಟರಿಗೆಲ್ಲ ಇದನ್ನೇ ಹೇಳಿದಳು. ಹೇಳಿ ಹೇಳಿ ನನಗೂ ಇದೇ ನಿಜವಾಯಿತು.

1999ರ ಫೆಬ್ರವರಿಯಲ್ಲಿ, ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಮೇಷ್ಟರೊಬ್ಬರು ಪತ್ರಿಕೆಯ ಸುದ್ದಿ ತೋರಿಸಿದರು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಪಾಲಕಿಯಾಗಿ ತಾನೇ ಸಹಿ ಹಾಕಿದಾಗ, ತಂದೆಯ ಸಹಿ ಬೇಕು ಅಂತ ಅರ್ಜಿ ವಾಪಸು ಬಂದಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆಯ "ನಂತರ" ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರವಲ್ಲ, ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದರೂ ತಾಯಿ ಸಹಜ ಪಾಲಕಿಯೇ ಎಂದು ನ್ಯಾಯಾಲಯ ಅರ್ಥ ಬಿಡಿಸಿತು. ವಿದ್ಯಾರ್ಥಿವೇತನದ ಫಾರಂಗೆ ತಂದೆಯ ಸಹಿ ಇಲ್ಲ ಅಂತ ಎರಡು ವರ್ಷ ನನ್ನ ಹಣ ನಿಂತಿತ್ತು. ಆ ಸುದ್ದಿಯನ್ನು ಕತ್ತರಿಸಿ ಪುಸ್ತಕದಲ್ಲಿಟ್ಟುಕೊಂಡೆ. ಒಂದು ಪದದ ಅರ್ಥ ಬದಲಾಗಲು ನಲವತ್ತಮೂರು ವರ್ಷ ಹಿಡಿದಿತ್ತು.

ನಾನು ಶಿಕ್ಷಕಿಯಾದೆ. ನಮ್ಮ ತಾಲ್ಲೂಕಿನಲ್ಲೇ, ಗಡಿಗೆ ಹತ್ತಿರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹಾಕಿದರು. ಮಕ್ಕಳ ಪಾಲನೆಯ ಜಗಳ ಕೋರ್ಟಿನಲ್ಲಿ ನಡೆಯುತ್ತದೆ ಅಂತ ಜನ ತಿಳಿದಿದ್ದಾರೆ. ಅದು ಮೊದಲು ಬರುವುದು ಶಾಲೆಯ ಗೇಟಿಗೆ. ಊಟದ ಹೊತ್ತಿಗೆ ಅಪ್ಪ ಬೈಕಿನಲ್ಲಿ ಬಂದು ಗೇಟಿನಾಚೆ ನಿಂತು ಮಗುವಿಗೆ ಚಾಕಲೇಟು ತೋರಿಸುತ್ತಾನೆ. ಟಿ.ಸಿ. ಕೊಡಿ, ಊರು ಬಿಡುತ್ತಿದ್ದೇವೆ ಅನ್ನುತ್ತಾನೆ. ದಾಖಲಾತಿ ಪುಸ್ತಕದಲ್ಲಿ ಅವನ ಹೆಸರೇ ಮೊದಲಿರುತ್ತದೆ. ಕೊಡುವುದಿಲ್ಲ ಅನ್ನಲು ನಮ್ಮ ಕೈಯಲ್ಲಿ ಏನಿರುತ್ತದೆ?

2013ರಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ಬೆಳಗ್ಗೆ ಬಂದವಳು ಬ್ಯಾಗು ಬಿಚ್ಚದೆ ಕೂತಿದ್ದಳು. ಏನಮ್ಮ ಅಂದರೆ ಬ್ಯಾಗು ತೆರೆದು ತೋರಿಸಿದಳು. ಪುಸ್ತಕವಿಲ್ಲ. ಅಡುಗೆಮನೆಯ ಮಚ್ಚು, ಹಳೆಯ ಸೀರೆಯಲ್ಲಿ ಸುತ್ತಿದ್ದು. ಮನೆಯಲ್ಲಿಟ್ಟರೆ ಅಪ್ಪನ ಕೈಗೆ ಸಿಗುತ್ತದೆ ಅಂತ ಶಾಲೆಗೆ ತಂದಿದ್ದಳು. ನನಗೆ ಮಾತು ಹೊರಡಲಿಲ್ಲ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅವಳ ತಾಯಿಯನ್ನು ಕರೆಸಿ, ಮಧ್ಯಾಹ್ನವೇ ಮುಳಬಾಗಿಲಿನ ಸಿಡಿಪಿಒ ಕಚೇರಿಗೆ ಕರೆದುಕೊಂಡು ಹೋದೆ.

ಅಷ್ಟರಲ್ಲಿ ಹೊಸ ಕಾಯ್ದೆ ಬಂದಿತ್ತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರದು, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಒಗಳೇ, ಇದಕ್ಕೆ ಸಂರಕ್ಷಣಾಧಿಕಾರಿಗಳು. ಅಲ್ಲಿ ಕೌಟುಂಬಿಕ ಘಟನಾ ವರದಿ ಅಂತ ಒಂದು ನಮೂನೆ ತುಂಬಿಸುತ್ತಾರೆ. ಯಾವತ್ತು, ಎಲ್ಲಿ, ಯಾರು, ಹೇಗೆ ಹೊಡೆದರು. ಬೈಗುಳ, ಅವಮಾನ, ಕೂಲಿ ಹಣ ಕಿತ್ತುಕೊಂಡದ್ದು, ಇವಕ್ಕೂ ಜಾಗವಿದೆ. ಅದೇ ನಮೂನೆಯಲ್ಲಿ ಮಕ್ಕಳ ವಿವರವೂ ಇದೆ. ಏಟೂ ಮಗುವೂ ಒಂದೇ ಕಾಗದದ ಮೇಲೆ! ಅಧಿಕಾರಿ ಬರೆದುಕೊಳ್ಳುತ್ತಿದ್ದರೆ ನಾನು ಎದ್ದು ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತು ಅತ್ತೆ. ನನ್ನ ಅಮ್ಮ ಎರಡು ರಾಜ್ಯದಲ್ಲಿ ಹುಡುಕಿದರೂ ಸಿಗದ ಕಾಗದ ಅದು.

ಆ ಕಾಯ್ದೆಯ ಕಲಂಗಳನ್ನು ನಾನು ಪಾಠದ ಹಾಗೆ ಓದಿದ್ದೇನೆ. ಹೆಂಗಸು ತಾತ್ಕಾಲಿಕವಾಗಿ ಎಲ್ಲಿದ್ದಾಳೋ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೇ ಅರ್ಜಿ ಹಾಕಬಹುದು. ಅವರು ಕೊಟ್ಟ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ, ನಂಗಲಿಯಾಚೆಗೂ. 21ನೇ ಕಲಂ ಪ್ರಕಾರ ಮಗುವನ್ನು ಅಲ್ಲೇ, ಅದೇ ಅರ್ಜಿಯಲ್ಲಿ, ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು. ತಂದೆಯ ಭೇಟಿಯಿಂದ ಮಗುವಿಗೆ ಕೇಡು ಅನ್ನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. 18ನೇ ಕಲಂನಲ್ಲಿ, ನೊಂದವರು ಮಗುವಾಗಿದ್ದರೆ ಅದರ ಶಾಲೆಗೆ ಕಾಲಿಡದಂತೆ ತಡೆಯಬಹುದು ಅಂತ ಶಾಲೆಯ ಹೆಸರನ್ನೇ ಎತ್ತಿ ಬರೆದಿದ್ದಾರೆ. ಆದೇಶದ ಪ್ರತಿಗೆ ದುಡ್ಡಿಲ್ಲ. ಮೀರಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ 20,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ.

ಬರೆದದ್ದೆಲ್ಲ ನಡೆಯುತ್ತದೆ ಅಂತ ನಾನು ಹೇಳಲಾರೆ. ಅರವತ್ತು ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ಆ ಹುಡುಗಿಯ ತಾಯಿಯ ಅರ್ಜಿ ಮುಗಿಯುವ ಹೊತ್ತಿಗೆ ಹುಡುಗಿ ಐದನೆಯ ತರಗತಿಗೆ ಬಂದಿದ್ದಳು. ಮಕ್ಕಳ ಹೊಣೆ ಹೊತ್ತ ಸಂರಕ್ಷಣಾಧಿಕಾರಿಗೆ ಅಂಗನವಾಡಿ, ಪೌಷ್ಟಿಕ ಆಹಾರ, ಸಭೆ, ವರದಿ, ನೂರು ಕೆಲಸ. ಆದರೂ ಐದು ವಾರದಲ್ಲಿ ಮಧ್ಯಂತರ ಆದೇಶ ಬಂತು. ಅದರ ಪ್ರತಿಯನ್ನು ನಾನು ಮಚ್ಚು ಇಟ್ಟ ಬೀರುವಿನಲ್ಲೇ ಇಟ್ಟೆ. ಒಂದು ದಿನ ಅವಳ ಅಪ್ಪ ಗೇಟಿಗೆ ಬಂದಾಗ ಆ ಕಾಗದ ಹಿಡಿದು ಎದುರು ನಿಂತೆ. ನನ್ನ ಕೈ ನಡುಗುತ್ತಿತ್ತು. ಆತ ಓದಿ, ಬೈದು, ಹೋದ. ಆ ಹುಡುಗಿಯ ಕೈಯನ್ನು ನಾನು ಬಿಡಲಿಲ್ಲ.

ಮೇಲಿನ ಕೋರ್ಟುಗಳಲ್ಲೂ ಮಾತು ಬದಲಾಗುತ್ತಾ ಬಂದಿದೆ. 2008ರಲ್ಲಿ ನೀಲ್ ರತನ್ ಕುಂದು ಪ್ರಕರಣದಲ್ಲಿ, ತಾಯಿಯ ಸಾವಿಗೆ ಸಂಬಂಧಿಸಿ ಕ್ರಿಮಿನಲ್ ಕೇಸು ಎದುರಿಸುತ್ತಿದ್ದ ತಂದೆಯಿಂದ ಮಗುವನ್ನು ತಾಯಿಯ ಅಪ್ಪ ಅಮ್ಮನಿಗೆ ಕೊಡುತ್ತಾ, ಆ ಕೇಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಾಲನೆಯ ತೀರ್ಮಾನ ಮಾಡಿದ್ದು ತಪ್ಪು ಎಂದಿತು ಸುಪ್ರೀಂ ಕೋರ್ಟು. ಓಡಿಬಂದ ಹೆಂಗಸು ತಾನು ಆಶ್ರಯ ಪಡೆದ ಊರಿನಲ್ಲೇ 498ಎ ದೂರು ಕೊಡಬಹುದು ಅಂತ 2019ರಲ್ಲಿ ಹೇಳಿತು. ಅಮ್ಮನಿಗೆ ಓದಿ ಹೇಳಿದೆ. "ಇಪ್ಪತ್ತೈದು ವರ್ಷ ಮುಂಚೆ ಹೇಳಬಾರದಿತ್ತಾ?" ಅಂದಳು, ಅಷ್ಟೇ.

ನಾಯ್ನ ತೀರಿಕೊಂಡು ಕೆಲವು ವರ್ಷವಾಯಿತು. ತಮ್ಮ ಹದಿನೇಳಾದ ಮೇಲೆ ತಾನೇ ಬಸ್ಸು ಹತ್ತಿ ಮನೆ ಹುಡುಕಿಕೊಂಡು ಬಂದವನು, ಆಮೇಲೆ ಬರುತ್ತಾ ಹೋಗುತ್ತಾ ಇದ್ದಾನೆ. ಪಲಮನೇರು ಕಡೆಯೇ ಟೊಮೇಟೊ ಬೆಳೆಯುತ್ತಾನೆ. ವಡ್ಡಹಳ್ಳಿ ಮಾರುಕಟ್ಟೆಗೆ ಮಾಲು ತಂದ ದಿನ ಅಮ್ಮನ ಕೈ ಊಟ. ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ಅವನ ಮನೆಯಲ್ಲಿ ಮುದ್ದೆ ಕೋಲು ಅಡುಗೆಮನೆ ಬಿಟ್ಟು ಹೊರಗೆ ಬಂದಿಲ್ಲ ಅಂತ ನಾದಿನಿಯೇ ನನಗೆ ಹೇಳಿದಳು.

ಕಳೆದ ಶಿವರಾತ್ರಿಗೆ ಎಲ್ಲರೂ ಆವಣಿಗೆ ಹೋಗಿದ್ದೆವು. ಅಮ್ಮನಿಗೆ ಮಂಡಿ ನೋವು, ಮೊಮ್ಮಕ್ಕಳನ್ನು ಹಿಡಿದುಕೊಂಡು ಕೆಳಗೇ ಕೂತಳು. ನಾವಿಬ್ಬರೂ ಬೆಟ್ಟ ಹತ್ತಿದೆವು. ಸೀತಮ್ಮನ ಗುಡಿಯ ಮುಂದೆ ಬಂಡೆಯ ಮೇಲೆ ಕೂತು ದಣಿವಾರಿಸಿಕೊಳ್ಳುವಾಗ ನಾನು ಕೋಲಾರದ ಆ ದಿನದ ಮಾತು ತೆಗೆದೆ. "ಗುಮಾಸ್ತರು ನಾಯ್ನಾ ಅಂದದ್ದನ್ನೇ ತಿರುಗಿ ಹೇಳಿದೆ ನೀನು, ಪಾಪ," ಅಂದೆ, ಯಾವಾಗಲೂ ಹೇಳುವ ಹಾಗೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲಕ್ಕ," ಅಂದ. "ನಂಗೆ ಅವರು ಕೇಳಿದ್ದು ಅರ್ಥ ಆಗಿತ್ತು. ಯಾರ ಹತ್ತಿರ ಇರ್ತೀಯ ಅಂತ. ಅಮ್ಮನ ಹತ್ತಿರ ಅಂದ್ರೆ ನಾಯ್ನ ಹಿಂದೆನೇ ಮುಳಬಾಗಿಲಿಗೆ ಬರ್ತಾರೆ, ಅಮ್ಮಂಗೆ ಹೊಡೀತಾರೆ ಅಂದ್ಕೊಂಡೆ. ನಾನು ಅವರ ಹತ್ತಿರಾನೇ ಇದ್ರೆ ಅವರು ಈ ಕಡೆ ಬರಲ್ಲ ಅಲ್ವಾ."

ಆರೂವರೆ ವರ್ಷದ ಹುಡುಗ ಆ ಗಾಜಿನ ಗುಂಡನ್ನು ನೋಡುತ್ತಾ ಇಷ್ಟು ಲೆಕ್ಕ ಹಾಕಿದ್ದ. ಮನೆಯಲ್ಲಿ ಏನು ನೋಡಿದೆ ಮರಿ ಅಂತ ಒಂದೇ ಒಂದು ಸಾರಿ ಯಾರಾದರೂ ಕೇಳಿದ್ದರೆ ಕೋಲಿನ ಕಥೆ ಹೇಳುತ್ತಿದ್ದನೇನೋ. ಕೋರ್ಟಿನವರು ಕೇಳಲಿಲ್ಲ, ನ್ಯಾಯಸ್ಥರು ಕೇಳಲಿಲ್ಲ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ಇಳಿದು ಬಂದಾಗ ಅಮ್ಮ ಮೊಮ್ಮಕ್ಕಳಿಗೆ ಬತ್ತಾಸು ಹಂಚುತ್ತಿದ್ದಳು. ಅಲ್ಲಿ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಈ ಬರಹ ಬರೆಯಲು ತಮ್ಮ ಒಪ್ಪಿದ್ದಾನೆ. ಅಮ್ಮನಿಗೆ ಕನ್ನಡ ಓದಲು ಬರುವುದಿಲ್ಲ. ಬರುವ ಭಾನುವಾರ ಅವನು ವಡ್ಡಹಳ್ಳಿಗೆ ಮಾಲು ತರುತ್ತಾನೆ. ಊಟವಾದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ತೆಲುಗಿನಲ್ಲಿ ಅವಳಿಗೆ ಓದಿ ಹೇಳಬೇಕು.